ಸಿಮ್ಯುಲೇಟರ್‌ನಲ್ಲಿ ಬರೀ ನೋಡೋಕೆ ಅಂತ ಹಾರೋದು: ಯಾವ ಜಾಗ, ಯಾವ ವಿಮಾನ, ಎಷ್ಟು ಎತ್ತರ?

ಕಿಟಕಿಸೀಟು:
ಎಲ್ಲರಿಗೂ ನಮಸ್ಕಾರ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾಕ್ಕೊಂಡು ಇಷ್ಟು ದಿನ ಬರೀ ದೊಡ್ಡ ಏರ್‌ಲೈನರ್‌ಗಳನ್ನೇ ಓಡಿಸ್ತಿದ್ದೆ, ಟೇಕಾಫ್ ಆದ್ಮೇಲೆ ಆಟೋಪೈಲಟ್ ಹಾಕಿ 35,000 ಅಡಿಗೆ ಹೋಗಿ ಕೂತ್ಕೊಳ್ಳೋದು, ಕೆಳಗೆ ಬಗ್ಗಿ ನೋಡಿದ್ರೆ ಮೋಡ, ಮೋಡ ಇಲ್ಲಾಂದ್ರೆ ಮಸುಕು ನೆಲ. ಈಗ ಎಲ್ಲಿಗೂ ಹೋಗಿ ತಲುಪೋ ಆಸೆ ಇಲ್ಲ, ನೋಡೋಕೇ ಅಂತ ಹಾರ್ಬೇಕು ಅನಿಸ್ತಿದೆ. ಬೆಟ್ಟ, ಕಣಿವೆ, ಜಲಪಾತ, ಕಡಲ ದಂಡೆ ಇಂಥದ್ದು.

ಮೊನ್ನೆ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆ ಮೇಲೆ ಒಂದು ರೌಂಡ್ ಹೋಗಿದ್ದೆ. ಟರ್ಬೊಪ್ರಾಪ್ (ಜೆಟ್ ಥರದ ಇಂಜಿನ್ ಪ್ರೊಪೆಲ್ಲರ್ ತಿರುಗಿಸೋ) ವಿಮಾನ, ಟೈಮ್ ಮಧ್ಯಾಹ್ನ 12, ಆಕಾಶ ಪೂರ್ತಿ ಕ್ಲಿಯರ್. ಚೆನ್ನಾಗಿತ್ತು, ಆದ್ರೆ ಫೋಟೋದಲ್ಲೆಲ್ಲ ಕಾಣುತ್ತಲ್ಲ ಆ ಆಳ, ಅದು ಕಾಣಿಸ್ಲೇ ಇಲ್ಲ, ಎಲ್ಲ ಚಪ್ಪಟೆಯಾಗಿ ಕಂದು ಬಣ್ಣಕ್ಕಿತ್ತು. ಗ್ರಾಫಿಕ್ಸ್ ಸೆಟ್ಟಿಂಗ್ಸ್ ಸಮಸ್ಯೆನಾ ಇಲ್ಲ ನಾನು ಹಾರೋ ರೀತಿನೇ ಬೇರೆ ಆಗ್ಬೇಕಾ? ಇದನ್ನೇ ಇಷ್ಟಪಟ್ಟು ಮಾಡೋರು ಯಾರಾದ್ರೂ ಇದ್ರೆ ಬಿಡಿಸಿ ಹೇಳಿ ಪ್ಲೀಸ್.

ನಿಧಾನಯಾನ:
ಸೆಟ್ಟಿಂಗ್ಸ್ ಮುಟ್ಟಲೇಬೇಡಿ ಸರ್, ಅದ್ರಲ್ಲೇನೂ ತಪ್ಪಿಲ್ಲ. ಮಧ್ಯಾಹ್ನ 12 ಗಂಟೆ ಅನ್ನೋದೇ ಕಾರಣ. ಸೂರ್ಯ ನೆತ್ತಿ ಮೇಲಿದ್ರೆ ನೆರಳು ಬೀಳಲ್ಲ, ನೆರಳಿಲ್ಲ ಅಂದ್ರೆ ಕಣ್ಣಿಗೆ ಆಳ ಗೊತ್ತಾಗಲ್ಲ, ನಿಜವಾಗ್ಲೂ ಅಲ್ಲಿಗೆ ಹೋಗಿ ನಿಂತ್ರೂ ಅಷ್ಟೇ, ಸಿಮ್ಯುಲೇಟರ್‌ನಲ್ಲಿ, ಅಂದ್ರೆ ಸಿಮ್‌ನಲ್ಲಂತೂ ಇನ್ನೂ ಜಾಸ್ತಿ. ಯಾಕಂದ್ರೆ ನೆಲದ ಮೇಲೆ ಹಾಸಿರೋದು ಉಪಗ್ರಹ ಅಥವಾ ವಿಮಾನದಿಂದ ತೆಗೆದ ಚಿತ್ರ, ಅದು ಮೂಲದಲ್ಲೇ ಹಗಲು ಚೆನ್ನಾಗಿ ಬೆಳಕಿದ್ದಾಗ ತೆಗೆದಿರೋದು. ಅದರ ಮೇಲೆ ಸಿಮ್‌ನ ಸೂರ್ಯ ಓರೆಯಾಗಿ ಬಿದ್ದಾಗ್ಲೇ ಗೋಡೆ ಗೋಡೆ ಥರ, ಅಂಚು ಅಂಚಿನ ಥರ ಕಾಣೋದು. ಸೂರ್ಯ ಹುಟ್ಟಿ ಒಂದು ಗಂಟೆ ಆಗಿರ್ಬೇಕು, ಇಲ್ಲ ಮುಳುಗೋಕೆ ಒಂದೂವರೆ ಗಂಟೆ ಇರ್ಬೇಕು, ಆ ಹೊತ್ತಿಗೆ ಟೈಮ್ ಸ್ಲೈಡರ್ ಎಳೆದಿಟ್ಟು ಅದೇ ಜಾಗಕ್ಕೆ ಇನ್ನೊಂದ್ಸಲ ಹೋಗಿ, ನೀವೇ ನೋಡ್ತೀರ.

ಎರಡನೇದು ವೇಗ. ಆ ಕಣಿವೆ ನದಿ ಹಾದಿಯಲ್ಲಿ 446 ಕಿಲೋಮೀಟರ್ ಉದ್ದ, ಅಗಲ ಕೆಲವು ಕಡೆ 29 ಕಿಲೋಮೀಟರ್, ಆಳ ಒಂದೂವರೆ ಕಿಲೋಮೀಟರ್‌ಗೂ ಮೇಲೆ. ಅಗಲ ಇಷ್ಟಿದ್ದು ಆಳ ಅಷ್ಟೇ ಇರೋದ್ರಿಂದ ತುಂಬ ಮೇಲಿಂದ ನೋಡಿದ್ರೆ ಚಪ್ಪಟೆ ಕಾಣೋದು ಸಹಜ. ರಿಮ್‌ನಿಂದ (ಕಣಿವೆಯ ಮೇಲಂಚಿನಿಂದ) ಸುಮಾರು ಸಾವಿರ ಅಡಿ ಮೇಲಿದ್ರೆ ಸಾಕು, ಅಂದ್ರೆ ದಕ್ಷಿಣ ರಿಮ್ ಕಡೆ ಆಲ್ಟಿಮೀಟರ್‌ನಲ್ಲಿ (ಸಮುದ್ರ ಮಟ್ಟದಿಂದ ಎತ್ತರ ತೋರಿಸೋ ಮೀಟರ್) 8,000 ಅಡಿ ಆಸುಪಾಸು, ಉತ್ತರ ರಿಮ್ ಇನ್ನೂ ಸಾವಿರ ಅಡಿಗೂ ಜಾಸ್ತಿ ಎತ್ತರ ಅನ್ನೋದು ನೆನಪಿರ್ಲಿ. ವಿಮಾನ ಸೆಸ್ನಾ 172 ಅನ್ನೋ ಸಣ್ಣದು ಇರ್ಲಿ, 90 ನಾಟ್ ಅಂದ್ರೆ ನಿಮಿಷಕ್ಕೆ ಹೆಚ್ಚುಕಮ್ಮಿ 2.8 ಕಿಲೋಮೀಟರ್. ಟರ್ಬೊಪ್ರಾಪ್‌ನಲ್ಲಿ ಅದರ ಮೂರರಷ್ಟು ವೇಗದಲ್ಲಿ ಹೋದ್ರೆ ಒಂದು ತಿರುವು ನೋಡಿ ಮುಗಿಸೋದ್ರೊಳಗೆ ಮುಂದಿನ ತಿರುವೂ ಹಿಂದೆ ಹೋಗಿರುತ್ತೆ.

ಗಾಳಿಪಟ:
+1. ಒಂದು ಮಾತು ಸೇರಿಸ್ತೀನಿ, ನಿಜವಾದ ಟೂರ್ ವಿಮಾನಗಳು ನ್ಯಾಷನಲ್ ಪಾರ್ಕ್ ಒಳಗೆ ರಿಮ್‌ಗಿಂತ ಕೆಳಗೆ ಇಳಿಯೋ ಹಾಗಿಲ್ಲ, ಅಮೆರಿಕದಲ್ಲಿ 1987ರಲ್ಲೇ ಕಾನೂನು ಆಗಿದೆ. ಸಿಮ್‌ನಲ್ಲಿ ಕೇಳೋರಿಲ್ಲ, ಕೆಳಗೆ ನದಿ ತನಕ ಹೋಗ್ಬಹುದು. ಆದ್ರೂ ನಂಗೆ ರಿಮ್ ಮೇಲಿಂದ ಹಾರೋದೇ ಇಷ್ಟ. ಕೆಳಗಿಳಿದ್ರೆ ಗೋಡೆಗೆ ಅಂಟಿರೋ ಚಿತ್ರ ಎಳೆದು ಹಿಗ್ಗಿಸಿದಂಗೆ ಕಾಣುತ್ತೆ, ಮೇಲಿಂದ ತೆಗೆದ ಚಿತ್ರ ಲಂಬವಾದ ಬಂಡೆಗೆ ಹೊದಿಸಿದ್ರೆ ಇನ್ನೇನಾಗುತ್ತೆ. 1,500 ಅಡಿಯಿಂದ 2,000 ಅಡಿ ದೂರ ಇಟ್ಕೊಂಡ್ರೆ ಕಣ್ಣು ನಂಬುತ್ತೆ.

ಕಿಟಕಿಸೀಟು:
ವಾವ್, ಟೈಮ್ ಬಗ್ಗೆ ಯೋಚ್ನೆನೇ ಮಾಡಿರ್ಲಿಲ್ಲ, ಥ್ಯಾಂಕ್ಸ್. 172ನೇ ಯಾಕೆ? ರೆಕ್ಕೆ ಮೇಲಿರೋದಕ್ಕಾ?

ನಿಧಾನಯಾನ:
ಹೌದು, ಹೈ ವಿಂಗ್. ರೆಕ್ಕೆ ತಲೆ ಮೇಲಿದ್ರೆ ಪಕ್ಕದ ಕಿಟಕಿಯಿಂದ ಕೆಳಗಿನ ನೆಲ ಪೂರ್ತಿ ಕಾಣುತ್ತೆ. ಲೋ ವಿಂಗ್ ಆದ್ರೆ ನೋಡ್ಬೇಕಾಗಿರೋದೇ ರೆಕ್ಕೆ ಕೆಳಗೆ ಮುಚ್ಚಿಹೋಗುತ್ತೆ. ಆದ್ರೆ ಹೈ ವಿಂಗ್‌ಗೂ ಒಂದು ಕಷ್ಟ ಇದೆ, ಎಡಕ್ಕೆ ತಿರುಗಿಸಿದಾಗ ಎಡ ರೆಕ್ಕೆ ಬಾಗಿ ಎಡಗಡೆಯ ದಿಗಂತ ಮುಚ್ಚುತ್ತೆ, ಬೆಟ್ಟದ ತುದಿ ನೋಡ್ತಿದ್ರೆ ಅದು ಮಾಯ. ಅದಕ್ಕೆ ಬೆಟ್ಟದ ಪಕ್ಕ ರೆಕ್ಕೆ ಸಮ ಇಟ್ಟು ನೇರ ಹೋಗಿ, ಪಾಸ್ ಆದ್ಮೇಲೆ ತಿರುಗಿಸಿ.

ಇನ್ನೊಂದು, ನೀವು ಕೂರೋದು ಎಡ ಸೀಟಲ್ಲಿ. ನೋಡ್ಬೇಕಾದ ವಸ್ತು ಎಡಕ್ಕೆ ಬರೋ ಹಾಗೆ ದಾರಿ ಹಾಕ್ಕೊಳ್ಳಿ. ಇಷ್ಟು ಸಣ್ಣ ವಿಷಯ, ಆದ್ರೆ ಪ್ಲಾನ್ ಮಾಡುವಾಗ ಮ್ಯಾಪ್ ಇಟ್ಕೊಂಡು ಇದೊಂದನ್ನ ನೋಡಿದ್ರೆ ಅರ್ಧ ಕೆಲಸ ಮುಗೀತು. ಸೂರ್ಯ ಎಲ್ಲಿ, ಬೆಟ್ಟ ಯಾವ ಕಡೆ, ನಾನು ಯಾವ ದಿಕ್ಕಿಗೆ ಹೋಗ್ತಿದೀನಿ, ಈ ಮೂರು ಸೇರಿದ್ರೆ ಹಾರಾಟ ಚೆನ್ನಾಗಿರುತ್ತೋ ಇಲ್ವೋ ಅನ್ನೋದು ಇಂಜಿನ್ ಸ್ಟಾರ್ಟ್ ಮಾಡೋ ಮುಂಚೆನೇ ತೀರ್ಮಾನ ಆಗಿರುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ನಗರವಾಸಿ:
ನಿಧಾನಯಾನ ಅವ್ರು ಹೇಳಿದ ಎಡಗಡೆ ಲೆಕ್ಕಕ್ಕೆ ಒಳ್ಳೆ ಉದಾಹರಣೆ ನ್ಯೂಯಾರ್ಕ್‌ನ ಹಡ್ಸನ್ ನದಿ. ಅಲ್ಲಿ ನಿಜಕ್ಕೂ ಸಣ್ಣ ವಿಮಾನಗಳಿಗೆ ಅಂತ ಒಂದು ಕಾರಿಡಾರ್ ಇದೆ, 1,300 ಅಡಿ ಒಳಗೆ, 140 ನಾಟ್ ಮೀರೋ ಹಾಗಿಲ್ಲ, ಎಲ್ಲರೂ ತಮ್ಮ ಬಲಗಡೆಯ ದಡ ಹಿಡಿದು ಹೋಗ್ಬೇಕು, ದಾರಿಯಲ್ಲಿ ಗೊತ್ತಾದ ಜಾಗಗಳು ಬಂದಾಗ ಎಲ್ಲಿದ್ದೀವಿ ಅಂತ ರೇಡಿಯೋದಲ್ಲಿ ತಾವೇ ಹೇಳ್ಕೊಬೇಕು. ಉತ್ತರದಿಂದ ದಕ್ಷಿಣಕ್ಕೆ ಬಂದ್ರೆ ನೀವು ನ್ಯೂಜೆರ್ಸಿ ದಡದ ಮೇಲೆ, ಮ್ಯಾನ್‌ಹಾಟನ್ ಪೂರ್ತಿ ಎಡ ಕಿಟಕಿಯಲ್ಲಿ, ನಡುವೆ ನೀರು. ಸಂಜೆ ಹೊತ್ತಾದ್ರೆ ಪಶ್ಚಿಮದ ಬಿಸಿಲು ಸೀದಾ ಕಟ್ಟಡಗಳ ಮುಖಕ್ಕೆ ಬೀಳುತ್ತೆ. ಕೊನೆಗೆ ಲಿಬರ್ಟಿ ಪ್ರತಿಮೆ. ಉಲ್ಟಾ ದಿಕ್ಕಿಗೆ ಹೋದ್ರೆ ಊರು ಬಲಗಡೆ, ಅದೂ ತೀರಾ ಹತ್ತಿರ, ಆ ಸೊಗಸು ಇಲ್ಲ. ನಾನು ನಿಜವಾದ ನಿಯಮ ಪಾಲಿಸಿಯೇ ಹಾರೋದು, ಹಾಗೆ ಮಾಡಿದಾಗ ಜಾಗ ಇನ್ನೂ ಹತ್ತಿರ ಆಗುತ್ತೆ.

ಊರುಗಳಲ್ಲಿ ಫೋಟೋಗ್ರಾಮೆಟ್ರಿ ಆನ್ ಇಟ್ಕೊಳ್ಳಿ, ಆದ್ರೆ ಕಟ್ಟಡಗಳ ಮಧ್ಯೆ ಇಳೀಬೇಡಿ. ಫೋಟೋಗಳಿಂದ ಕಟ್ಟಿದ ಆಕಾರ ಆದ್ದರಿಂದ ಹತ್ತಿರದಿಂದ ಮರಗಳೆಲ್ಲ ಕರಗಿದ ಮೇಣದಬತ್ತಿ ಥರ ಕಾಣ್ತವೆ, ಸೇತುವೆ ಕೆಳಗಿನ ಖಾಲಿ ಜಾಗ ಕೆಲವು ಸಲ ಮುಚ್ಚಿಹೋಗಿರುತ್ತೆ. ಸಾವಿರ ಅಡಿಯಲ್ಲಿ ಇದ್ಯಾವ್ದೂ ಗೊತ್ತಾಗಲ್ಲ.

ಭೂಗೋಳಮೇಷ್ಟ್ರು:
ನಾನು ಇದನ್ನ ಶುರು ಮಾಡಿದ್ದೇ ಮಕ್ಕಳಿಗೆ ಕಣಿವೆ ಅಂದ್ರೆ ಏನು ಅಂತ ತೋರಿಸೋಕೆ. ನದಿ ಕೊರೆದ ಕಣಿವೆ ಇಂಗ್ಲಿಷಿನ ವಿ ಅಕ್ಷರದ ಥರ, ಹಿಮನದಿ ಕೊರೆದದ್ದು ಯು ಥರ ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದ್ರೂ ತಲೆಗೆ ಹೋಗದಿರೋದು ನ್ಯೂಜಿಲೆಂಡಿನ ಮಿಲ್ಫರ್ಡ್ ಸೌಂಡ್ ಒಳಗೆ ಒಂದು ಸಲ ಹಾರಿಸಿ ತೋರಿಸಿದ್ರೆ ಸಾಕು, ಮಕ್ಕಳು ತಾವೇ ಹೇಳ್ತಾರೆ. ಹಿಮನದಿ ಕೊರೆದು ಹೋದ್ಮೇಲೆ ಸಮುದ್ರ ಒಳಗೆ ಬಂದು ತುಂಬಿದ ಜಾಗ ಅದು. ಪಕ್ಕದ ಸಣ್ಣ ಕಣಿವೆಗಳು ಎತ್ತರದಲ್ಲೇ ನಿಂತುಬಿಟ್ಟಿವೆ, ಅಲ್ಲಿಂದ ನೀರು ಸೀದಾ ಕೆಳಗೆ ಬೀಳುತ್ತೆ, ತೂಗು ಕಣಿವೆ ಅಂತ ಪುಸ್ತಕದಲ್ಲಿ ಓದಿದ್ದು ಇದೇ.

ದಾರಿ ಹೇಳ್ತೀನಿ. ಕ್ವೀನ್ಸ್‌ಟೌನ್‌ನಿಂದ ಟೇಕಾಫ್, ವಾಕಟಿಪು ಸರೋವರದ ಮೇಲೆ ಗ್ಲೆನಾರ್ಕಿ ತನಕ ನಿಧಾನಕ್ಕೆ ಎತ್ತರ ಏರಿಸ್ಕೊಳ್ಳಿ, ಆಮೇಲೆ ಪಶ್ಚಿಮಕ್ಕೆ ಬೆಟ್ಟದ ಸಾಲು ದಾಟಬೇಕು. ಸಮಯ ಇದ್ರೆ ದಕ್ಷಿಣಕ್ಕೆ ಸರಿದು ಸದರ್ಲ್ಯಾಂಡ್ ಜಲಪಾತ ನೋಡಿ, 580 ಮೀಟರ್, ಮೂರು ಹಂತವಾಗಿ ಬೀಳುತ್ತೆ, ಅದರ ತಲೆ ಮೇಲೆ ಕ್ವಿಲ್ ಅನ್ನೋ ಪುಟ್ಟ ದುಂಡನೆ ಸರೋವರ. ಕಾಲ್ನಡಿಗೆಯಲ್ಲಿ ಬುಡಕ್ಕೆ ಹೋದವರಿಗೆ ಆ ಸರೋವರ ಕಾಣಲ್ಲ, ನೀರು ಎಲ್ಲಿಂದ ಬರ್ತಿದೆ ಅನ್ನೋದು ಮೇಲಿಂದ ನೋಡಿದವರಿಗೇ ಗೊತ್ತಾಗೋದು. ಆಮೇಲೆ ಮಿಲ್ಫರ್ಡ್‌ಗೆ ಬಂದು ಸಮುದ್ರದ ಕಡೆ ಮುಖ ಮಾಡಿ ಹಾರಿ, 1,692 ಮೀಟರ್ ಎತ್ತರದ ಮೈಟರ್ ಪೀಕ್ ನೀರಿನಿಂದಲೇ ಎದ್ದು ನಿಮ್ಮ ಎಡಗಡೆ ನಿಂತಿರುತ್ತೆ. ತೆರೆದ ಕಡಲಿಗೆ ಹೋಗಿ ತಿರುಗಿ ವಾಪಸ್ ಬಂದು ಅಲ್ಲಿನ ಪುಟ್ಟ ರನ್‌ವೇಯಲ್ಲೇ ಇಳೀಬಹುದು.

ಹಾರೋ ಮುಂಚೆ ಜಾಗದ ಬಗ್ಗೆ ಸ್ವಲ್ಪ ಓದ್ಕೊಳ್ಳಿ ಅನ್ನೋದು ನನ್ನ ವಿನಂತಿ. ಓದಿ ಹಾರಿದ್ರೆ ಕಣ್ಣು ಹುಡುಕೋಕೆ ಶುರು ಮಾಡುತ್ತೆ.

ಕಿಟಕಿಸೀಟು:
ಮೇಷ್ಟ್ರೇ ನಿಮ್ಮ ದಾರಿ ಬರೆದಿಟ್ಕೊಂಡೆ. ಜಲಪಾತ ಅಂದ್ರೆ ನಂಗೆ ಏಂಜಲ್ ಫಾಲ್ಸ್ ನೋಡೋ ಆಸೆ ಇದೆ, ಸಿಮ್‌ನಲ್ಲಿ ಹೇಗಿರುತ್ತೆ?

ಭೂಗೋಳಮೇಷ್ಟ್ರು:
ವೆನೆಜುವೆಲಾದ ಕನೈಮಾದಿಂದ ಹೊರಡಿ. 979 ಮೀಟರ್, ಜಗತ್ತಿನಲ್ಲೇ ಅತಿ ಎತ್ತರದ್ದು. ಆ ಹೆಸರು ಬಂದಿದ್ದೇ ವಿಮಾನದಿಂದ. ಜಿಮ್ಮಿ ಏಂಜಲ್ ಅನ್ನೋ ಅಮೆರಿಕನ್ ಪೈಲಟ್ 1933ರಲ್ಲಿ ಅದರ ಮೇಲೆ ಹಾರಿದ, 1937ರಲ್ಲಿ ಆಯಾನ್ ಟೆಪುಯಿ ಅನ್ನೋ ಆ ಬೆಟ್ಟದ ಚಪ್ಪಟೆ ತಲೆ ಮೇಲೆ ವಿಮಾನ ಇಳಿಸಿದ, ಚಕ್ರ ಕೆಸರಲ್ಲಿ ಹೂತುಹೋಗಿ ಹೆಂಡತಿ ಮತ್ತು ಜೊತೆಯವರ ಜೊತೆ 11 ದಿನ ನಡೆದು ಕೆಳಗೆ ಬಂದ. ಸಿಮ್‌ನಲ್ಲಿ ಆ ಬೆಟ್ಟದ ತಲೆ ಮೇಲೆ ಹಾರುವಾಗ ಕೆಳಗೆ ನೋಡಿ, ಸೀಳು ಸೀಳಾದ ಕಲ್ಲು, ಇಳಿಯೋಕೆ ಜಾಗವೇ ಕಾಣಲ್ಲ, ಆ ಮನುಷ್ಯ ಅಲ್ಲಿ ಇಳಿಸಿದ್ದು ಹೇಗೆ ಅಂತ ಮೈ ಜುಂ ಅನ್ನುತ್ತೆ.

ನೀರಿನ ವಿಷಯಕ್ಕೆ ಬಂದ್ರೆ ಹೆಚ್ಚು ನಿರೀಕ್ಷೆ ಬೇಡ. ಎಷ್ಟೋ ಜಲಪಾತ ಸಿಮ್‌ಗಳಲ್ಲಿ ಬಂಡೆ ಮೇಲಿನ ಬಿಳಿ ಗೆರೆ ಅಷ್ಟೇ. ಆದ್ರೆ ಬೆಟ್ಟದ ಆಕಾರ ನಿಜವಾದ ಎತ್ತರದ ಅಳತೆಯಿಂದ ಬಂದಿರೋದ್ರಿಂದ ಆ ಗೋಡೆಯ ಎತ್ತರ ಪೂರ್ತಿ ಅನುಭವಕ್ಕೆ ಬರುತ್ತೆ.

ರೋಟರ್‌ಪ್ರೇಮಿ:
ಜಲಪಾತಕ್ಕೆ ಹೆಲಿಕಾಪ್ಟರ್ ತಗೊಳ್ಳಿ! ಮೈಕ್ರೋಸಾಫ್ಟ್ ಸಿಮ್‌ಗೆ 2022ರ ನವೆಂಬರ್ ಅಪ್‌ಡೇಟ್‌ನಲ್ಲಿ ಬೆಲ್ 407, ಕ್ಯಾಬ್ರಿ ಜಿ2 ಎರಡೂ ಬಂದ್ವು, ಗ್ಲೈಡರ್‌ಗಳೂ ಆಗ್ಲೇ ಬಂದಿದ್ದು. ಆಫ್ರಿಕಾದ ವಿಕ್ಟೋರಿಯಾ ಜಲಪಾತಕ್ಕೆ ಹೋಗಿ ನೋಡಿ, 1,708 ಮೀಟರ್ ಅಗಲ, 108 ಮೀಟರ್ ಎತ್ತರ, ನೆಲದಿಂದ ಯಾವ ಕಡೆ ನಿಂತ್ರೂ ಒಂದು ತುಂಡಷ್ಟೇ ಕಾಣೋದು, ಮೇಲಿಂದ ಮಾತ್ರ ಇಡೀ ನದಿ ಒಂದು ಬಿರುಕಿನೊಳಗೆ ಮುಳುಗೋದು ಕಾಣುತ್ತೆ. ಕೆಳಗಡೆ ಕಮರಿ ಹಾವಿನ ಥರ ಅಡ್ಡಡ್ಡ ತಿರುಗಿದೆಯಲ್ಲ ಅದ್ಯಾಕೆ ಅಂತ ಮೇಷ್ಟ್ರು ಹೇಳ್ಬೇಕು.

ಭೂಗೋಳಮೇಷ್ಟ್ರು:
ಆ ಒಂದೊಂದು ಅಡ್ಡ ಕಮರಿಯೂ ಹಿಂದೊಂದು ಕಾಲದ ಜಲಪಾತ. ಬಸಾಲ್ಟ್ ಬಂಡೆಯ ಬಿರುಕು ಹಿಡಿದು ನದಿ ಕೊರೀತಾ ಕೊರೀತಾ ಜಲಪಾತ ಹಿಂದಕ್ಕೆ ಸರೀತು. ಕಮರಿ ಉದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಹಾರಿ ಬನ್ನಿ, ಹಳೇದರಿಂದ ಹೊಸದಕ್ಕೆ ಬಂದ ಹಾಗಾಗುತ್ತೆ.

ಗಾಳಿಪಟ:
ಇದು ಗೊತ್ತಿರ್ಲಿಲ್ಲ, ಇವತ್ತೇ ಹೋಗ್ತೀನಿ.

ಬೆಟ್ಟದಾರಿ:
ಕಣಿವೆ ಒಳಗೆ ಹೋಗೋರಿಗೆ ನನ್ನ ಕಡೆಯಿಂದ ಎರಡು ಮಾತು. ಸಿಮ್‌ನಲ್ಲಿ ಡಿಕ್ಕಿ ಹೊಡೆದ್ರೆ ಏನಾಗುತ್ತೆ, ರೀಸ್ಟಾರ್ಟ್ ಅಂತಾರೆ, ಆದ್ರೆ ಒಂದು ಗಂಟೆ ಹಾರಿ ಬಂದ ದಾರಿ ಕಪ್ಪು ಸ್ಕ್ರೀನ್‌ನಲ್ಲಿ ಮುಗಿದ್ರೆ ಮನಸ್ಸಿಗೆ ಬೇಜಾರು. ತಿರುಗೋಕೆ ಎಷ್ಟು ಜಾಗ ಬೇಕು ಅನ್ನೋದು ವೇಗದ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತೆ. 30 ಡಿಗ್ರಿ ಬ್ಯಾಂಕ್‌ನಲ್ಲಿ (ರೆಕ್ಕೆ ಅಷ್ಟು ಬಾಗಿಸಿದಾಗ) 120 ನಾಟ್ ಇದ್ರೆ ಪೂರ್ತಿ ಹಿಂದಕ್ಕೆ ತಿರುಗೋಕೆ ಸುಮಾರು 1.3 ಕಿಲೋಮೀಟರ್ ಅಗಲ ಬೇಕು, 75 ನಾಟ್‌ಗೆ ಇಳಿಸಿದ್ರೆ ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಸಾಕು. ಅದಕ್ಕೇ ನಿಜವಾದ ಬೆಟ್ಟದ ಪೈಲಟ್‌ಗಳು ಕಣಿವೆ ಮಧ್ಯದಲ್ಲಿ ಹಾರಲ್ಲ, ಒಂದು ಪಕ್ಕಕ್ಕೆ ಸರಿದು ಹಾರ್ತಾರೆ, ತಿರುಗ್ಬೇಕಾದ್ರೆ ಪೂರ್ತಿ ಅಗಲ ಸಿಗುತ್ತೆ. ಬೆಟ್ಟದ ಏಣು ದಾಟುವಾಗ ನೇರಕ್ಕೆ ಹೋಗದೆ 45 ಡಿಗ್ರಿ ಓರೆಯಾಗಿ ಹೋಗಿ, ಗಾಳಿ ಕೆಳಕ್ಕೆ ತಳ್ಳಿದ್ರೆ ಸಣ್ಣ ತಿರುವಿನಲ್ಲೇ ವಾಪಸ್ ಬರಬಹುದು.

ಹಿಮಾಲಯ ನೋಡ್ಬೇಕು ಅಂತ ಎಲ್ಲರೂ ನೇಪಾಳದ ಲುಕ್ಲಾ ಏರ್‌ಪೋರ್ಟ್‌ಗೆ ಓಡ್ತಾರೆ. 2,845 ಮೀಟರ್ ಎತ್ತರದಲ್ಲಿ 527 ಮೀಟರ್ ರನ್‌ವೇ, ಸುಮಾರು 12 ಪರ್ಸೆಂಟ್ ಇಳಿಜಾರು, ಏರುಮುಖವಾಗಿ ಇಳೀಬೇಕು, ಇಳಿಮುಖವಾಗಿ ಹಾರ್ಬೇಕು. ಅಲ್ಲಿಂದ 172 ತಗೊಂಡು ಎವರೆಸ್ಟ್ ತುದಿ ನೋಡ್ತೀನಿ ಅಂದ್ರೆ ಆಗೋ ಮಾತಲ್ಲ, ಶಿಖರ 8,848.86 ಮೀಟರ್ ಅಂದ್ರೆ 29,000 ಅಡಿ ಮೇಲೆ, 172ರ ಮಿತಿ 14,000 ಅಡಿ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳ್ಕೊಳ್ಳುತ್ತೆ, ಮಿಕ್ಸ್‌ಚರ್ ಲೀನ್ ಮಾಡದಿದ್ರೆ (ತೆಳು ಗಾಳಿಗೆ ತಕ್ಕ ಹಾಗೆ ಇಂಧನ ಕಡಿಮೆ ಮಾಡದಿದ್ರೆ) ಇನ್ನೂ ಕಷ್ಟ. ನನ್ನ ಸಲಹೆ, ತುದಿ ಮೇಲೆ ಹಾರೋ ಹಠ ಬೇಡ, ಲುಕ್ಲಾದಿಂದ ನಾಮ್ಚೆ ಕಡೆ 13,000 ಅಡಿಯಲ್ಲಿ ಹೋಗಿ, ಕತ್ತೆತ್ತಿ ನೋಡಿ. ಬೆಟ್ಟದ ಎತ್ತರ ಗೊತ್ತಾಗೋದು ಕೆಳಗಿಂದ.

ನಗರವಾಸಿ:
ನಾನು ಇದಕ್ಕೆ ಒಪ್ಪಲ್ಲ ಗುರು. ಟಿಬಿಎಂ ಅನ್ನೋ ಟರ್ಬೊಪ್ರಾಪ್ ತಗೊಂಡು 30,000 ಅಡಿಯಿಂದ ನೋಡಿದಾಗ ಇಡೀ ಸಾಲು, ಆ ಕಡೆ ಟಿಬೆಟಿನ ಕಂದು ಬಯಲು, ಈ ಕಡೆ ಹಸಿರು ತಪ್ಪಲು, ಎರಡೂ ಒಟ್ಟಿಗೆ ಕಾಣೋದು ಇನ್ನೆಲ್ಲೂ ಸಿಗಲ್ಲ. ಎಲ್ಲದಕ್ಕೂ ಕೆಳಗೆ ನಿಧಾನ ಅನ್ನೋ ನಿಯಮ ಬೇಡ.

ಬೆಟ್ಟದಾರಿ:
ಸರಿ, ಆ ಟಿಬೆಟ್ ಕಡೆ ಬಣ್ಣ ಬದಲಾಗೋದು ಮೇಲಿಂದಲೇ ನೋಡ್ಬೇಕು, ಅದು ಒಪ್ತೀನಿ. ಆದ್ರೆ ಹೊಸಬರಿಗೆ ಮೊದಲು ಕಣಿವೆ.

ಓಪನ್‌ಸೋರ್ಸ್:
ಎಲ್ಲರೂ ಒಂದೇ ಸಿಮ್ ಬಗ್ಗೆ ಮಾತಾಡ್ತಿದೀರ, ಹಳೇ ಕಂಪ್ಯೂಟರ್ ಇರೋರು ಓದ್ತಿದ್ರೆ ಅಂತ ಬರೀತೀನಿ. ಫ್ಲೈಟ್‌ಗೇರ್ ಅನ್ನೋ ಸಿಮ್ ಪೂರ್ತಿ ಉಚಿತ. ಜಿಯೋಎಫ್‌ಎಸ್ ಬ್ರೌಸರ್‌ನಲ್ಲೇ ಓಡುತ್ತೆ, ಏನೂ ಇನ್‌ಸ್ಟಾಲ್ ಮಾಡ್ಬೇಕಿಲ್ಲ. ಎಕ್ಸ್‌ಪ್ಲೇನ್ ಅನ್ನೋ ಸಿಮ್ ಇದ್ರೆ ಆರ್ಥೋ4ಎಕ್ಸ್‌ಪಿ ಅನ್ನೋ ಉಚಿತ ಟೂಲ್‌ನಿಂದ ಬೇಕಾದ ಜಾಗದ ಉಪಗ್ರಹ ಚಿತ್ರ ಹೊದಿಸ್ಕೊಬಹುದು, ಡಿಸ್ಕ್ ಜಾಗ ಮಾತ್ರ ತುಂಬ ತಿನ್ನುತ್ತೆ, ಬೇಕಾದ ಟೈಲ್‌ಗಳನ್ನಷ್ಟೇ (ನಕ್ಷೆಯ ಚೌಕಗಳು) ಮಾಡ್ಕೊಳ್ಳಿ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 60ಕ್ಕೆ ಒದ್ದಾಡ್ಬೇಡಿ, ನಿಧಾನ ಹಾರಾಟಕ್ಕೆ 30ಕ್ಕೆ ಲಾಕ್ ಮಾಡಿ, ಏರಿಳಿತ ಇಲ್ಲದ 30 ಕಣ್ಣಿಗೆ ಹಿತ. ತಲೆ ತಿರುಗಿಸಿದ ಕಡೆ ನೋಟ ತಿರುಗ್ಬೇಕು ಅಂದ್ರೆ ಓಪನ್‌ಟ್ರ್ಯಾಕ್ ಹಾಕ್ಕೊಳ್ಳಿ, ಸಾಮಾನ್ಯ ವೆಬ್‌ಕ್ಯಾಮ್ ಸಾಕು. ಮೌಸ್ ಎಳೆದು ನೋಡೋದಕ್ಕೂ ಕತ್ತು ತಿರುಗಿಸಿ ನೋಡೋದಕ್ಕೂ ಬಹಳ ವ್ಯತ್ಯಾಸ. ದಾರಿ ಗುರುತು ಮಾಡ್ಕೊಳ್ಳೋಕೆ ಲಿಟಲ್ ನ್ಯಾವ್‌ಮ್ಯಾಪ್, ಅದೂ ಉಚಿತ, ನಿಮ್ಮದೇ ಜಾಗಗಳನ್ನ ಮ್ಯಾಪ್ ಮೇಲೆ ಗುರುತು ಹಾಕಿಟ್ಕೊಬಹುದು.

ಗಾಳಿಪಟ:
ಲೈವ್ ವೆದರ್ (ಆ ಜಾಗದ ಆ ಹೊತ್ತಿನ ನಿಜವಾದ ಹವಾಮಾನ) ಬಗ್ಗೆ ಯಾರೂ ಹೇಳ್ಲಿಲ್ಲ. ನಾನು ಯಾವಾಗ್ಲೂ ಲೈವ್‌ನಲ್ಲೇ ಹಾರೋದು. ಮಳೆ ಇದ್ರೆ ಮಳೆ. ಮಿಲ್ಫರ್ಡ್ ಅಂಥ ಕಡೆ ವರ್ಷಕ್ಕೆ ಆರು ಮೀಟರ್‌ಗೂ ಮೇಲೆ ಮಳೆ ಬೀಳುತ್ತೆ, ಅಲ್ಲಿ ಯಾವಾಗ್ಲೂ ನೀಲಿ ಆಕಾಶ ಇಟ್ಕೊಂಡು ಹಾರಿದ್ರೆ ಅದು ಆ ಜಾಗವೇ ಅಲ್ಲ.

ನಿಧಾನಯಾನ:
ಭಾವನೆ ಅರ್ಥ ಆಗುತ್ತೆ, ಆದ್ರೆ ಮೊದಲ ಸಲ ಒಂದು ಜಾಗ ನೋಡೋಕೆ ಹೋಗಿ ಮೋಡದೊಳಗೆ ಸುತ್ತೋದು ಬೇಡ. ಮೊದಲು ತಿಳಿ ಆಕಾಶ, ಚೂರು ಎತ್ತರದಲ್ಲಿ ಬಿಡಿ ಬಿಡಿ ಮೋಡ ಇಟ್ರೆ ನೆಲದ ಮೇಲೆ ನೆರಳು ಓಡಾಡುತ್ತೆ, ಇನ್ನೂ ಚೆಂದ. ಮಬ್ಬಿನ ಸ್ಲೈಡರ್ ಸ್ವಲ್ಪ ಏರಿಸಿ, ದೂರದ ಬೆಟ್ಟ ತೆಳುವಾದ್ರೇನೇ ದೂರ ಅನ್ನೋದು ಗೊತ್ತಾಗೋದು. ಜಾಗ ಪರಿಚಯ ಆದ್ಮೇಲೆ ಲೈವ್.

ಇಲ್ಲಿ ಒಂದು ಗಂಭೀರ ವಿಷಯನೂ ಇದೆ. 1977ರಿಂದ ಅಂಟಾರ್ಕ್ಟಿಕಾ ಮೇಲೆ ಇಂಥದ್ದೇ ನೋಡಿ ಬರೋ ವಿಮಾನಗಳು ಹೋಗ್ತಿದ್ವು, ಇಳಿಯೋದಿಲ್ಲ, ತೋರಿಸಿ ವಾಪಸ್. 1979ರ ನವೆಂಬರ್ 28ರಂದು ಏರ್ ನ್ಯೂಜಿಲೆಂಡ್ 901 ಎರೆಬಸ್ ಬೆಟ್ಟಕ್ಕೆ ಬಡಿದು 257 ಜನ ತೀರಿಕೊಂಡ್ರು. ಪೈಲಟ್‌ಗಳಿಗೆ ತಿಳಿಸದೆ ಕಂಪ್ಯೂಟರ್‌ನಲ್ಲಿ ದಾರಿಯ ಅಂಕಿ ಬದಲಾಗಿತ್ತು, ಜೊತೆಗೆ ಬಿಳಿ ಮೋಡದ ಕೆಳಗೆ ಬಿಳಿ ಹಿಮ, ಎದುರಿಗಿದ್ದ ಏರು ಬೆಟ್ಟ ಸಮತಟ್ಟು ನೆಲದ ಥರ ಕಂಡಿತ್ತು. ಈ ಕಾರಣಕ್ಕೇ ಹಿಮದ ಜಾಗದಲ್ಲಿ ಮೋಡ ಮುಚ್ಚಿದ ದಿನ ನಾನು ಸಿಮ್‌ನಲ್ಲೂ ಬೆಟ್ಟದ ಎತ್ತರ ಮೊದಲೇ ನೋಡ್ಕೊಂಡು ಅದರ ಮೇಲೇ ಇರ್ತೀನಿ. ನೆರಳಿಲ್ಲ ಅಂದ್ರೆ ಆಳ ಕಾಣಲ್ಲ ಅಂತ ಮೊದಲು ಹೇಳಿದ್ನಲ್ಲ, ಅದರ ಇನ್ನೊಂದು ಮುಖ ಇದು.

ಗಾಳಿಪಟ:
ಇದನ್ನ ಈ ಥರ ಯೋಚಿಸಿರ್ಲಿಲ್ಲ. ಹೌದು.

ಕಿಟಕಿಸೀಟು:
ಎಲ್ಲರಿಗೂ ಅಪ್‌ಡೇಟ್. 172, ರಿಮ್‌ನಿಂದ ಸಾವಿರ ಅಡಿ ಮೇಲೆ, ಸೂರ್ಯ ಹುಟ್ಟಿ ಒಂದು ಗಂಟೆ, ಮಬ್ಬು ಸ್ವಲ್ಪ. ಅದೇ ಕಂಪ್ಯೂಟರ್, ಅದೇ ಸೆಟ್ಟಿಂಗ್ಸ್, ಏನ್ ಹೇಳ್ಲಿ, ಪದರ ಪದರ ಕಾಣಿಸ್ತು, ಒಂದು ಪಕ್ಕದ ಗೋಡೆ ಕೆಂಪಗೆ ಉರೀತಿದೆ, ಇನ್ನೊಂದು ಪಕ್ಕ ಕತ್ತಲು, ಕೆಳಗೆ ನದಿ ಎಲ್ಲೋ ಒಂದೊಂದು ಕಡೆ ಹೊಳೀತಿದೆ. ಟ್ರಿಮ್ (ಕೈ ಬಿಟ್ರೂ ವಿಮಾನ ಸಮವಾಗಿ ಹೋಗೋ ಹಾಗೆ ಮಾಡೋ ಹೊಂದಿಕೆ) ಸರಿ ಮಾಡ್ಕೊಂಡ್ಮೇಲೆ ಕೈಯಲ್ಲಿ ಹೆಚ್ಚು ಕೆಲಸವೂ ಇಲ್ಲ, ಆಟೋಪೈಲಟ್ ಮುಟ್ಟಲೇ ಇಲ್ಲ. ಮುಂದಿನ ಸಲಕ್ಕೆ ನಾರ್ವೆಯ ಲೊಫೋಟೆನ್ ಅಂದ್ಕೊಂಡಿದೀನಿ. ಡಿಸೆಂಬರ್ ಹಾಕಿ ಹಿಮದಲ್ಲಿ ನೋಡ್ಬಹುದಾ?

ಬೆಟ್ಟದಾರಿ:
ಡಿಸೆಂಬರ್ ಬೇಡ! ಆ ತಿಂಗಳು ಬಹುಪಾಲು ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ, ಮಧ್ಯಾಹ್ನ ಸ್ವಲ್ಪ ನೀಲಿ ಬೆಳಕು ಬಂದು ಹೋಗುತ್ತೆ ಅಷ್ಟೇ. ಹಿಮ ಬೇಕಂದ್ರೆ ಮಾರ್ಚ್.

ನಿಧಾನಯಾನ:
ಅಥವಾ ಜೂನ್ 20ರ ಆಸುಪಾಸು ಇಟ್ಕೊಳ್ಳಿ, ಆಗ ಸೂರ್ಯ ಮುಳುಗೋದೇ ಇಲ್ಲ. ನಾರ್ವೆಯ ಬೇಸಿಗೆ ಗಡಿಯಾರದಲ್ಲಿ ರಾತ್ರಿ ಒಂದು ಗಂಟೆ ಸುಮಾರಿಗೆ ಸೂರ್ಯ ನೇರ ಉತ್ತರದಲ್ಲಿ, ದಿಗಂತಕ್ಕೆ ಅಂಟಿಕೊಂಡ ಹಾಗೆ ಇರ್ತಾನೆ. ಸ್ವೋಲ್ವೇರ್‌ನಿಂದ ಹೊರಟು ದ್ವೀಪಗಳ ವಾಯವ್ಯದ ಕಡೆ, ತೆರೆದ ಸಮುದ್ರದ ಪಕ್ಕಕ್ಕೆ ಬಂದು ನೈಋತ್ಯಕ್ಕೆ ಹೋಗಿ, ಬೆಟ್ಟ ಪೂರ್ತಿ ಎಡ ಕಿಟಕಿಯಲ್ಲಿ, ಬೆಳಕು ನಿಮ್ಮ ಬಲ ಹಿಂಬದಿಯಿಂದ ಸೀದಾ ಅದರ ಮೇಲೆ. ತುದಿ ಸುತ್ತಿ ಒಳಗಡೆ ರೈನೆ ಹಳ್ಳಿ ನೋಡ್ಕೊಂಡು ಲೆಕ್ನೆಸ್‌ನಲ್ಲಿ ಇಳೀರಿ. 90 ನಾಟ್‌ನಲ್ಲಿ ಮುಕ್ಕಾಲು ಗಂಟೆ, ಚೂರು ಜಾಸ್ತಿ ಆಗ್ಬಹುದು. ಒಳಗಡೆ ಬಂದ ಮೇಲೆ ಬೆಟ್ಟದ ನೆರಳು ಸಮುದ್ರದ ಮೇಲೆ ಉದ್ದಕ್ಕೆ ಬಿದ್ದಿರುತ್ತೆ, ಗಾಳಿ ಉತ್ತರದಿಂದ ಇದ್ರೆ ಅದೇ ಜಾಗದಲ್ಲಿ ಕುಲುಕಾಟ ಜಾಸ್ತಿ, ದಡದಿಂದ ಸ್ವಲ್ಪ ದೂರ ಇರಿ.